ಕೈಯಿಂದ ಕಟ್ಟಿದ ಒಗಟಿನ ಪಟ್ಟಣ



ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಈ ಮೂರು ತಾಲೂಕುಗಳ ಮನೆಗಳಿಂದ ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುವ ಹೆತ್ತವರು ಈಚಿನ ವರ್ಷಗಳಲ್ಲಿ ನಮ್ಮ ಮುಂದಿಡುವ ಪ್ರಶ್ನೆಗಳಲ್ಲಿ ಒಂದು ಪುನಃ ಪುನಃ ಕೇಳಿಬರುತ್ತದೆ. ಮಗಳು ಮೊಬೈಲಿನಲ್ಲಿ ಗೇಮ್ ಆಡುತ್ತಾಳೆ. ಬಿಡಬಹುದೋ, ಬಿಡಬಾರದೋ ಎಂಬದೇ ಆ ಪ್ರಶ್ನೆಯು. ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುವದು ಸುಲಭವೇ ಸರಿ. ಆದರೆ ಅದು ನ್ಯಾಯವಾಗಲಾರದು. ಮಗಳು ಪುಸ್ತಕ ಓದಬಹುದೋ ಎಂದು ಯಾರಾದರೂ ಕೇಳಿದರೆ, ಯಾವ ಪುಸ್ತಕ ಎಂದು ನಾವು ತಿರುಗಿ ಕೇಳುವೆವಲ್ಲವೇ? ಆಟದ ವಿಷಯದಲ್ಲಿಯೂ ಹಾಗೆಯೇ ಕೇಳತಕ್ಕದ್ದು. ಆದದರಿಂದ ವೀಡಿಯೋ ಗೇಮುಗಳಲ್ಲಿ ಒಂದು ಜಾತಿಯನ್ನು ಮಾತ್ರ ಈ ಲೇಖನಕ್ಕಾಗಿ ಆರಿಸಿಕೊಂಡು, ಅದು ಏನು, ಹೇಗೆ ಹುಟ್ಟಿತು, ಅದನ್ನು ಯಾರು ಹೇಗೆ ಮಾಡುತ್ತಾರೆ, ಆಡುವ ಹುಡುಗಿಯಿಂದ ಅದು ಯಾವ ಕೆಲಸವನ್ನು ಬೇಡುತ್ತದೆ ಎಂಬದನ್ನು ತಿಳಿಸಲು ಯತ್ನಿಸುತ್ತೇವೆ.

ಮೊದಲು ಜಾತಿಗಳನ್ನು ಬೇರ್ಪಡಿಸೋಣ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಚೆನ್ನೆಮಣೆಯನ್ನು ನೋಡದವರು ವಿರಳ. ಒಂದು ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು ೧೪ ಗುಳಿಗಳು; ಗುಳಿಗೆ ನಾಲ್ಕರಂತೆ ೫೬ ಕಾಯಿಗಳು. ಇಬ್ಬರು ಎದುರೆದುರು ಕೂತು ಆಡುತ್ತಾರೆ. ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇ ಬೇಕು. ಒಗಟಿನ ರೀತಿಯು ಬೇರೆ. ಅಜ್ಜಿ ಒಗಟನ್ನು ಹೇಳುವಾಗ ಆಕೆಗೆ ಮೊಮ್ಮಗಳನ್ನು ಸೋಲಿಸುವ ಇಚ್ಛೆಯಿಲ್ಲ. ಅವಳು ಬಿಡಿಸಲಿ ಎಂದೇ ಹೇಳುತ್ತಾಳೆ. ವೀಡಿಯೋ ಗೇಮುಗಳಲ್ಲಿಯೂ ಈ ಎರಡು ರೀತಿಗಳಿವೆ. ಇವುಗಳ ಹೊರತು ಹಣವನ್ನು ಪಣವಾಗಿಡಿಸುವ ಮೂರನೇ ಒಂದು ಜಾತಿಯುಂಟು. ಅನೇಕ ಹೆತ್ತವರ ಭಯಕ್ಕೆ ಮೂಲ ಇದೇ ಆಗಿದೆ, ಮತ್ತು ಆ ಭಯವು ಯುಕ್ತವಾದದ್ದೇ. ೨೦೨೫ನೇ ಆಗಸ್ಟಿನಲ್ಲಿ ನಮ್ಮ ಪಾರ್ಲಿಮೆಂಟು ಇದಕ್ಕಾಗಿ ಒಂದು ಕಾಯಿದೆಯನ್ನು ಮಾಡಿ, ಅಂತರ್ಜಾಲದಲ್ಲಿ ಹಣವಿಟ್ಟು ಆಡಿಸುವ ಆಟಗಳನ್ನು ನಿಷೇಧಿಸಿತು. ಹಣದ ಪಣವಿಲ್ಲದ, ವಿನೋದಕ್ಕೂ ಕಲಿಕೆಗೂ ಇರುವ ಆಟಗಳನ್ನು ಅದೇ ಕಾಯಿದೆಯು ಬೇರೆಯಾಗಿ ಎಣಿಸಿತು. ಕಾನೂನೇ ಮಾಡಿದ ಈ ಭೇದವನ್ನು ಮನೆಯಲ್ಲಿ ನಾವು ಮರೆಯಬಾರದು.

ಒಗಟಿನ ಜಾತಿಯ ಗೇಮನ್ನು ಸಾಹಸದ ಆಟವೆಂದು ಕರೆಯುವದುಂಟು. ಒಂದು ಕಥೆಯಿರುತ್ತದೆ, ಆ ಕಥೆಯ ದಾರಿಯಲ್ಲಿ ಬಾಗಿಲುಗಳು ಮುಚ್ಚಿರುತ್ತವೆ, ಪ್ರತಿ ಬಾಗಿಲಿಗೂ ಒಂದು ಸಮಸ್ಯೆಯೇ ಬೀಗವಾಗಿರುತ್ತದೆ, ಅದನ್ನು ಬಿಡಿಸಿದರೆ ಕಥೆ ಮುಂದರಿಯುತ್ತದೆ. ಈ ಜಾತಿಯ ಹುಟ್ಟಿನಲ್ಲಿ ಹೆಣ್ಣುಮಕ್ಕಳಿಗೆ ಒಂದು ಪಾಲಿರುವದು ನಮ್ಮ ವಾಚಕರಿಗೆ ಸಂತೋಷವನ್ನುಂಟುಮಾಡೀತು. ಅಮೇರಿಕದಲ್ಲಿ ವಿಲ್ ಕ್ರೌದರ್ ಎಂಬ ಕಂಪ್ಯೂಟರು ತಜ್ಞನು ೧೯೭೦ರ ದಶಕದ ಮಧ್ಯದಲ್ಲಿ ಇಂಥ ಮೊದಲನೆಯ ಆಟವನ್ನು ಬರೆದನು. ಆತನಿಗೆ ನೆಲದಡಿಯ ಗುಹೆಗಳಲ್ಲಿ ಸಂಚರಿಸುವ ಹವ್ಯಾಸವಿತ್ತು; ತನ್ನ ಇಬ್ಬರು ಪುತ್ರಿಯರು ಆಡಿ ಸಂತೋಷಪಡಲೆಂದು ಆ ಗುಹೆಗಳನ್ನೇ ಆಟವಾಗಿ ಮಾಡಿದನು. ಅದರಲ್ಲಿ ಚಿತ್ರವೇ ಇರಲಿಲ್ಲ. ಎಲ್ಲವೂ ಅಕ್ಷರಗಳಲ್ಲಿಯೇ ಇತ್ತು. ಅಂಥ ಆಟಕ್ಕೆ ಚಿತ್ರವನ್ನು ಮೊದಲು ಕೂಡಿಸಿದವರಾದರೋ ರೋಬರ್ಟಾ ವಿಲಿಯಮ್ಸ್ ಎಂಬ ಗೃಹಿಣಿ, ಚಿಕ್ಕ ಮಕ್ಕಳ ತಾಯಿ. ೧೯೮೦ರಲ್ಲಿ ಆಕೆ ಮನೆಯಲ್ಲಿ ಕೂತು ಕಥೆಯನ್ನೂ ಚಿತ್ರಗಳನ್ನೂ ರಚಿಸಿದಳು. ಪತಿಯು ಅದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬರೆದುಕೊಟ್ಟನು. 'ಮಿಸ್ಟರಿ ಹೌಸ್' ಎಂಬದು ಆ ಆಟದ ಹೆಸರು. ಗೇಮು ಗಂಡುಮಕ್ಕಳ ಸೊತ್ತೆಂದು ಹೇಳುವವರು ಈ ಸಂಗತಿಯನ್ನು ನೆನಪಿನಲ್ಲಿಡಲಿ.

ಈ ಜಾತಿಯಲ್ಲಿ ಒಂದು ಉತ್ತಮ ಮಾದರಿಯನ್ನು ಈಗ ವಿವರಿಸುವೆವು. ಅದು ನಡೆಯುವ ಸ್ಥಳವು ಒಂದು ಕೆಟ್ಟ ಪಟ್ಟಣ. ಎಲ್ಲವೂ ಸರಿಯಾಗಿರುವ ಕಲ್ಪನೆಯ ನಾಡಿಗೆ ಇಂಗ್ಲಿಷರಲ್ಲಿ ಯುಟೋಪಿಯಾ ಎಂಬ ಹೆಸರುಂಟು. ೧೫೧೬ರಲ್ಲಿ ಥಾಮಸ್ ಮೋರ್ ಎಂಬ ಪಂಡಿತನು ಬರೆದ ಗ್ರಂಥದಿಂದ ಆ ಹೆಸರು ಬಂತು. ಅದಕ್ಕೆ ವಿರುದ್ಧವಾದ, ಬಲವುಳ್ಳವರು ಬಲಹೀನರನ್ನು ಅರೆಯುವ ನಾಡಿಗೆ ಡಿಸ್ಟೋಪಿಯಾ ಎನ್ನುತ್ತಾರೆ. ಮಕ್ಕಳಿಗೆ ಇಂಥ ಕತ್ತಲೆಯ ಊರನ್ನು ಯಾಕೆ ತೋರಿಸಬೇಕು ಎಂದು ಕೇಳಬಹುದು. ನಮ್ಮ ಪುರಾಣಗಳಲ್ಲಿಯೂ ಯಕ್ಷಗಾನದ ಪ್ರಸಂಗಗಳಲ್ಲಿಯೂ ದುಷ್ಟ ಅರಸರ ಪಟ್ಟಣಗಳು ಕಡಿಮೆಯೇ? ಕೆಟ್ಟ ಆಳಿಕೆಯ ರೂಪವನ್ನು ಕಥೆಯಲ್ಲಿ ಕಂಡ ಮಗುವು ಮುಂದೆ ಲೋಕದಲ್ಲಿ ಅದನ್ನು ಗುರುತಿಸಲು ಶಕ್ತಳಾಗುವಳು.

ಆ ಆಟದ ಹೆಸರು 'ಮಷಿನಾರಿಯಮ್'. ಅದು ಹುಟ್ಟಿದ್ದು ಮಧ್ಯ ಯೂರೋಪಿನ ಚೆಕ್ ದೇಶದಲ್ಲಿ. ಆ ದೇಶಕ್ಕೂ ನಮ್ಮ ಕುಂದಾಪುರ ಸೀಮೆಗೂ ಏನು ಸಂಬಂಧವೆಂದು ಕೇಳುವಿರಾದರೆ, ಒಂದು ಉಂಟು: ಎರಡೂ ಸೂತ್ರದ ಗೊಂಬೆಗಳ ನಾಡುಗಳು. ನಮ್ಮಲ್ಲಿ ಉಪ್ಪಿನಕುದ್ರುವಿನ ಕಾಮತರ ಮನೆತನವು ಯಕ್ಷಗಾನದ ಗೊಂಬೆಯಾಟವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದೆ. ಆ ಮನೆತನದ ಕೊಗ್ಗ ದೇವಣ್ಣ ಕಾಮತರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು. ಚೆಕ್ ಮತ್ತು ಸ್ಲೊವಾಕ್ ದೇಶಗಳ ಗೊಂಬೆಯಾಟವನ್ನು ಯುನೆಸ್ಕೊ ಸಂಸ್ಥೆಯು ೨೦೧೬ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮರವನ್ನು ಕೆತ್ತಿ, ಬಣ್ಣ ಬಳಿದು, ಬಟ್ಟೆ ಉಡಿಸಿ, ಜೀವವಿಲ್ಲದ್ದಕ್ಕೆ ನಡಿಗೆಯನ್ನು ಕಲಿಸುವ ತಾಳ್ಮೆ ಎರಡು ಕಡೆಯಲ್ಲಿಯೂ ಒಂದೇ. ಅಂಥ ದೇಶದ ಜನರು ಕಂಪ್ಯೂಟರಿನ ಆಟವನ್ನು ಮಾಡಲು ಹೊರಟಾಗ ಅದರಲ್ಲಿ ಕೈಯ ಕೆಲಸವು ಎದ್ದು ಕಂಡಿತೆಂದರೆ ಆಶ್ಚರ್ಯವೇನು?

ಯಾಕುಬ್ ದ್ವೋರ್ಸ್ಕಿ ಎಂಬಾತನು ಪ್ರಾಗ್ ನಗರದ ಕಲಾಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ೨೦೦೩ರಲ್ಲಿ, ಪರೀಕ್ಷೆಯ ಕೃತಿಯಾಗಿ ಒಂದು ಸಣ್ಣ ಆಟವನ್ನು ಮಾಡಿದನು. ಆ ಮೇಲೆ ಅಮಾನಿತಾ ಡಿಸೈನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಏಳು ಮಂದಿಯ ತಂಡವು ಸುಮಾರು ಮೂರು ವರ್ಷ ದುಡಿದು, ತಮ್ಮ ಸ್ವಂತ ಉಳಿತಾಯದ ಹಣವನ್ನೇ ವೆಚ್ಚಮಾಡಿ, ೨೦೦೯ನೇ ಅಕ್ಟೋಬರಿನಲ್ಲಿ ಮಷಿನಾರಿಯಮನ್ನು ಹೊರತಂದಿತು. ಪಟ್ಟಣದ ದೃಶ್ಯಗಳನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು, ಅನಂತರ ಕಂಪ್ಯೂಟರಿಗೆ ಏರಿಸಿ ಬಣ್ಣ ಕೊಟ್ಟರು. ಆದದರಿಂದ ಅಲ್ಲಿಯ ಗೋಡೆಗಳಾಗಲಿ ಕೊಳವೆಗಳಾಗಲಿ ಗೆರೆಕೋಲಿಟ್ಟು ಎಳೆದವುಗಳಂತಿಲ್ಲ. ಎಲ್ಲವೂ ತುಸು ಓರೆ, ತುಸು ತುಕ್ಕು. ಅದೇ ವರ್ಷ ಸ್ವತಂತ್ರ ಆಟಗಳ ಅಂತರರಾಷ್ಟ್ರೀಯ ಉತ್ಸವದಲ್ಲಿ ಚಿತ್ರಕಲೆಗಾಗಿ ಇರುವ ಬಹುಮಾನವು ಇದಕ್ಕೆ ಸಂದಿತು.

ಕಥೆಯು ಹೀಗಿದೆ. ಆ ಪಟ್ಟಣದಲ್ಲಿರುವವರೆಲ್ಲರೂ ಯಂತ್ರಮನುಷ್ಯರು, ಅಂದರೆ ರೋಬೋಟುಗಳು. ಯೋಸೇಫನೆಂಬ ಸಣ್ಣ ರೋಬೋಟು ತುಂಡುತುಂಡಾಗಿ ಊರ ಹೊರಗಿನ ಗುಜರಿಯ ರಾಶಿಯ ಮೇಲೆ ಎಸೆಯಲ್ಪಟ್ಟಿರುವದೇ ಮೊದಲನೆಯ ದೃಶ್ಯ. ಆಡುವವಳ ಮೊದಲ ಕೆಲಸವೇನಂದರೆ ಅವನ ಕೈಕಾಲುಗಳನ್ನು ಹುಡುಕಿ ಅವನನ್ನು ಪುನಃ ಜೋಡಿಸುವದು. ಪಟ್ಟಣದಲ್ಲಿ ಕರೀ ಟೋಪಿಯವರೆಂಬ ಪುಂಡರ ಗುಂಪು ದರ್ಪ ನಡೆಸುತ್ತದೆ. ಅವರು ಯೋಸೇಫನ ಗೆಳತಿಯಾದ ಬೆರ್ತಾಳನ್ನು ಸೆರೆಯಲ್ಲಿಟ್ಟು ಅಡಿಗೆಯ ಚಾಕರಿಯನ್ನು ಮಾಡಿಸುತ್ತಾರೆ. ಪಟ್ಟಣದ ಗೋಪುರವನ್ನು ಸಿಡಿಸಲು ಹವಣಿಸುತ್ತಾರೆ. ಮುಂದಿನದನ್ನು ಹೇಳಿದರೆ ಆಡುವವರ ಸುಖವು ಕೆಡುವದರಿಂದ ನಾವು ಹೇಳೆವು.

ಯೋಸೇಫನೆಂಬ ಹೆಸರಿನ ಹಿಂದೆ ಒಂದು ಗಂಭೀರವಾದ ಸಂಗತಿಯಿದೆ. ರೋಬೋಟ್ ಎಂಬ ಮಾತು ಲೋಕಕ್ಕೆ ಬಂದದ್ದೇ ಚೆಕ್ ಭಾಷೆಯಿಂದ. ಬಿಟ್ಟಿಚಾಕರಿ ಎಂಬರ್ಥದ ಒಂದು ಶಬ್ದದಿಂದ ಅದು ಹುಟ್ಟಿತು. ಕಾರೆಲ್ ಚಾಪೆಕ್ ಎಂಬ ಲೇಖಕನು ೧೯೨೦ರಲ್ಲಿ ಪ್ರಕಟಿಸಿದ ನಾಟಕವೊಂದರಲ್ಲಿ ಕೃತಕ ಕೂಲಿಯಾಳುಗಳಿಗೆ ಹೆಸರು ಬೇಕಾದಾಗ, ಆ ಮಾತನ್ನು ಸೂಚಿಸಿದವನು ಅವನ ಅಣ್ಣನಾದ ಯೋಸೆಫ್ ಚಾಪೆಕ್ ಎಂಬ ಚಿತ್ರಕಾರನು. ನಾತ್ಸಿಗಳು ಆ ದೇಶವನ್ನು ಆಕ್ರಮಿಸಿದಾಗ, ೧೯೩೯ರಲ್ಲಿ, ಅವನನ್ನು ಸೆರೆಹಿಡಿದರು. ೧೯೪೫ರಲ್ಲಿ, ಯುದ್ಧವು ಮುಗಿಯುವ ಹೊತ್ತಿಗೆ, ಬೆರ್ಗೆನ್-ಬೆಲ್ಸೆನ್ ಎಂಬ ಸೆರೆಶಿಬಿರದಲ್ಲಿ ಅವನು ಸತ್ತನು. ಆಟದ ಸಣ್ಣ ರೋಬೋಟಿಗೆ ಇಟ್ಟ ಹೆಸರು ಅವನದೇ. ಆ ಜನರಿಗೆ ದುಷ್ಟ ಪಟ್ಟಣವೆಂಬದು ಬರೇ ಕಲ್ಪನೆಯಲ್ಲವೆಂದು ಇದರಿಂದ ತಿಳಿಯಬಹುದು.

ಇನ್ನು ಒಗಟುಗಳ ವಿಚಾರ. ಒಂದನ್ನು ಉದಾಹರಣೆಗಾಗಿ ನೋಡೋಣ. ಪಟ್ಟಣದ ಹೆಬ್ಬಾಗಿಲಿನಲ್ಲಿ ಕಾವಲಿನವನಿದ್ದಾನೆ. ಅವನು ಸೇತುವೆಯನ್ನು ಇಳಿಸಿದರಲ್ಲದೆ ಒಳಗೆ ಹೋಗುವ ಹಾಗಿಲ್ಲ. ಯೋಸೇಫನಲ್ಲಿ ಆಯುಧವಿಲ್ಲ. ಪೋಲೀಸು ರೋಬೋಟುಗಳಿಗೆ ದೀಪವಿರುವ ನೀಲಿ ಟೋಪಿ ಇರುತ್ತದೆ ಎಂಬದನ್ನು ಆಡುವವಳು ಗಮನಿಸಬೇಕು. ಸುತ್ತಲೂ ಏನೇನಿದೆ? ರಸ್ತೆಯಲ್ಲಿ ಇಡುವ ಚೂಪುತುದಿಯ ಒಂದು ಗುರುತುಗೊಂಬು, ಸೋರುವ ನೀಲಿ ಬಣ್ಣ, ಒಂದು ಬಲ್ಬು. ಮೂರನ್ನೂ ಕೂಡಿಸಿದರೆ ಟೋಪಿಯಾಗುತ್ತದೆ. ಕಾವಲಿನವನು ಇವನೂ ನಮ್ಮವನೇ ಎಂದು ಭಾವಿಸಿ ಸೇತುವೆಯನ್ನಿಳಿಸುತ್ತಾನೆ. ಇಲ್ಲಿ ಬೇಕಾದದ್ದು ಬೆರಳಿನ ವೇಗವಲ್ಲ, ಅದೃಷ್ಟವೂ ಅಲ್ಲ. ಇರುವದನ್ನು ನೋಡುವದು, ಒಂದು ವಸ್ತುವು ಇನ್ನೊಂದಾಗಬಲ್ಲದೆಂದು ಊಹಿಸುವದು, ಊಹೆಯನ್ನು ಪರೀಕ್ಷಿಸುವದು. ಮುಂದೆ ಬೀದಿಯಲ್ಲಿ ಹಾಡುವ ವಾದ್ಯಗಾರರ ವಾದ್ಯಗಳು ಕೆಟ್ಟಿರುತ್ತವೆ. ಅವುಗಳನ್ನು ಸರಿಮಾಡಿಕೊಡುವದೂ ಒಂದು ಒಗಟು. ಮುರಿದದ್ದನ್ನು ದುರಸ್ತಿಮಾಡುತ್ತಾ ಹೋಗುವದೇ ಆ ಪಟ್ಟಣದಲ್ಲಿ ಮುಂದರಿಯುವ ದಾರಿ.

ಶಿಕ್ಷಕಿಯರಾದ ನಮಗೆ ಈ ಆಟದ ಮೂರು ನಿಯಮಗಳು ವಿಶೇಷವಾಗಿ ಮೆಚ್ಚಿಗೆಯಾದವು. ಮೊದಲನೆಯದಾಗಿ, ಯೋಸೇಫನು ತನ್ನ ಕೈಗೆ ಎಟಕುವ ವಸ್ತುವನ್ನು ಮಾತ್ರ ಮುಟ್ಟಬಲ್ಲನು. ದೇಹವನ್ನು ಉದ್ದಮಾಡಿಯೋ ಕುಗ್ಗಿಸಿಯೋ ಹತ್ತಿರ ಹೋಗಬೇಕು; ದೂರದಿಂದ ತೆರೆಯ ಮೇಲೆಲ್ಲ ಕಂಡಕಂಡಲ್ಲಿ ಒತ್ತಿ ನೋಡಿದರೆ ಏನೂ ದೊರೆಯದು. ಎರಡನೆಯದಾಗಿ, ಪಾತ್ರಗಳು ಮಾತಾಡುವದಿಲ್ಲ. ತಮ್ಮ ಮನಸ್ಸಿನಲ್ಲಿರುವದನ್ನು ತಲೆಯ ಮೇಲೆ ಏಳುವ ಗುಳ್ಳೆಯಲ್ಲಿ ಚಿತ್ರವಾಗಿ ತೋರಿಸುತ್ತಾರೆ. ಮನೆಯಲ್ಲಿ ಕುಂದಾಪ್ರ ಕನ್ನಡ, ಪಾಠದಲ್ಲಿ ಪುಸ್ತಕದ ಕನ್ನಡ, ಕಂಪ್ಯೂಟರಿನ ಮುಂದೆ ಇಂಗ್ಲಿಷ್ ಎಂದು ಮೂರು ಮೆಟ್ಟಲುಗಳನ್ನು ಹತ್ತುವ ನಮ್ಮ ಹುಡುಗಿಗೆ ಇಲ್ಲಿ ಭಾಷೆಯ ಅಡ್ಡಿಯಿಲ್ಲ. ಪಟ್ಟಣದ ಮಗುವೂ ಹಳ್ಳಿಯ ಮಗುವೂ ಇಲ್ಲಿ ಸಮಾನರು. ಮೂರನೆಯದಾಗಿ, ದಾರಿ ಕಾಣದವಳಿಗೆ ಪ್ರತಿ ದೃಶ್ಯದಲ್ಲಿಯೂ ಒಂದು ಸಣ್ಣ ಸೂಚನೆಯುಂಟು. ಪೂರ್ಣ ಉತ್ತರವಿರುವ ಪುಸ್ತಕವೂ ಉಂಟು. ಆದರೆ ಅದಕ್ಕೆ ಬೀಗ ಹಾಕಿದೆ, ಬೇಸರ ತರಿಸುವ ಒಂದು ಕಿರಿಯಾಟವನ್ನು ಆಡಿಯೇ ಅದನ್ನು ತೆರೆಯಬೇಕು. ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಉತ್ತರಗಳಿದ್ದಾಗ ಮಕ್ಕಳು ಏನು ಮಾಡುವರೆಂಬದನ್ನು ಬಲ್ಲ ಪ್ರತಿಯೊಬ್ಬ ಶಿಕ್ಷಕಿಯೂ ಈ ಯುಕ್ತಿಯ ಬೆಲೆಯನ್ನು ಅರಿಯುವಳು. ಉತ್ತರವನ್ನು ಬಚ್ಚಿಟ್ಟಿಲ್ಲ, ಸ್ವಂತ ಯೋಚನೆಗಿಂತ ಅದನ್ನು ತುಸು ದುಬಾರಿಯಾಗಿ ಮಾಡಿದೆ, ಅಷ್ಟೇ.

ಒಂದು ಆಕ್ಷೇಪವನ್ನೂ ಹೇಳಬೇಕು. ಬೆರ್ತಾ ಅಡಿಗೆಮನೆಯ ಸೆರೆಯಲ್ಲಿ ಕಾಯುವಳು, ಬಿಡಿಸುವವನು ಯೋಸೇಫ. ಹುಡುಗಿಯು ಬರೇ ಕಾಯುವವಳಾಗಿರುವ ಕಥೆಗಳು ನಮ್ಮಲ್ಲಿ ಮೊದಲೇ ಸಾಕಷ್ಟಿವೆ. ಇದಕ್ಕೆ ಪರಿಹಾರವಾಗಿ ಇನ್ನೊಂದು ಆಟವನ್ನು ಹೆಸರಿಸುವೆವು. ಲಂಡನಿನ ಸ್ಟೇಟ್ ಆಫ್ ಪ್ಲೇ ಎಂಬ ಸಣ್ಣ ಸಂಸ್ಥೆಯು ೨೦೧೪ರಲ್ಲಿ 'ಲುಮಿನೋ ಸಿಟಿ' ಎಂಬದನ್ನು ಹೊರತಂದಿತು. ಅದರ ಪಟ್ಟಣವು ದುಷ್ಟರದಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ಅಜ್ಜನನ್ನು ಯಾರೋ ಒಯ್ದಿದ್ದಾರೆ. ಅವನನ್ನು ಹುಡುಕುತ್ತಾ, ಪಟ್ಟಣದ ಯಂತ್ರಗಳನ್ನು ಒಂದೊಂದಾಗಿ ಸರಿಪಡಿಸುತ್ತಾ ಹೋಗುವವಳು ಲೂಮಿ ಎಂಬ ಮೊಮ್ಮಗಳು. ಆ ಪಟ್ಟಣವನ್ನು ಚಿತ್ರವಾಗಿ ಬರೆಯಲಿಲ್ಲ. ಕಾಗದ, ರಟ್ಟು, ಗೋಂದು, ಸಣ್ಣ ದೀಪ, ಸಣ್ಣ ಮೋಟಾರುಗಳಿಂದ ನಿಜವಾಗಿಯೇ ಕಟ್ಟಿದರು. ಸುಮಾರು ಹತ್ತಡಿ ಎತ್ತರದ ಆ ಮಾದರಿಯನ್ನು ಕೆಮರಾದಿಂದ ಚಿತ್ರೀಕರಿಸಿ, ಆಟವನ್ನು ಅದರೊಳಗೆ ನಡೆಸಿದರು. ೨೦೧೫ರಲ್ಲಿ ಬ್ರಿಟಿಷ್ ಅಕಾಡೆಮಿಯು ಅದಕ್ಕೆ ಕಲಾಸಾಧನೆಯ ಪ್ರಶಸ್ತಿಯನ್ನು ಕೊಟ್ಟಿತು. ನಮ್ಮ ಶಾಲೆಯ ಪ್ರದರ್ಶನಗಳಿಗಾಗಿ ರಟ್ಟಿನ ಮನೆಗಳನ್ನು ಕತ್ತರಿಸಿ ಅಂಟಿಸಿದ ಪೂರ್ವ ವಿದ್ಯಾರ್ಥಿನಿಯರಿಗೆ ಆ ಕೆಲಸದ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಕೆಲಸ, ಚಿತ್ರ, ಸಂಗೀತ, ಗಣಿತ ಇವು ನಾಲ್ಕೂ ಒಂದೇ ಉದ್ಯೋಗದಲ್ಲಿ ಕೂಡಿಬರುವದನ್ನು ಇಲ್ಲಿ ಕಾಣುತ್ತೇವೆ. ಕೈಕೆಲಸದ ಪಿರಿಯಡು ವ್ಯರ್ಥವೆನ್ನುವ ಹೆತ್ತವರು ಇದನ್ನು ವಿಚಾರಿಸಲಿ.

ಇಂಥ ಕೆಲಸಕ್ಕೆ ಕೂಲಿ ಸಲ್ಲುತ್ತದೆಯೇ? ಮಷಿನಾರಿಯಮನ್ನು ಮಾಡಿದವರು ೨೦೧೦ರಲ್ಲಿ ಅಂದಾಜು ಮಾಡಿದ ಪ್ರಕಾರ, ಅದನ್ನು ಕಂಪ್ಯೂಟರಿನಲ್ಲಿ ಆಡಿದವರ ಪೈಕಿ ಹಣ ಕೊಟ್ಟವರು ನೂರಕ್ಕೆ ೫ರಿಂದ ೧೫ ಮಂದಿ ಮಾತ್ರ. ಉಳಿದವರೆಲ್ಲರೂ ಕದ್ದ ಪ್ರತಿಯನ್ನು ಆಡಿದರು. ಅವರು ಶಾಪ ಹಾಕಲಿಲ್ಲ, ದಾವೆ ಹೂಡಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಕೆಲವು ದಿನಗಳ ಮಟ್ಟಿಗೆ ೨೦ ಡಾಲರಿನ ಬೆಲೆಯನ್ನು ೫ ಡಾಲರಿಗೆ ಇಳಿಸಿ, ಕದ್ದು ಆಡಿದವರಿಗೆ ಕ್ಷಮೆಯಿದೆ, ಈಗಲಾದರೂ ಕೊಂಡುಕೊಳ್ಳಿರಿ ಎಂದು ಪ್ರಕಟಿಸಿದರು. ಮಕ್ಕಳಿಗೆ ಆಟವನ್ನು ತಂದುಕೊಡುವ ತಂದೆಗಳು ಇದನ್ನು ಲಕ್ಷ್ಯದಲ್ಲಿಡಬೇಕೆಂದು ಕೋರುತ್ತೇವೆ. ಗೊಂಬೆಯಾಟಕ್ಕೆ ಚೀಟಿ ಕೊಳ್ಳದೆ ಬೇಲಿಯ ಸಂದಿನಿಂದ ಮಗಳನ್ನು ನುಗ್ಗಿಸುವ ತಂದೆಯನ್ನು ನಾವು ಒಪ್ಪುವೆವೇ?

ಅಪಾಯವೇ ಇಲ್ಲವೆಂದು ನಾವು ಹೇಳುವದಿಲ್ಲ. ಆಟವು ಊಟ, ನಿದ್ರೆ, ಓದುಗಳನ್ನೆಲ್ಲ ನುಂಗಿಬಿಡುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿಯು ೨೦೨೨ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥ ತೊಂದರೆಗಳಿಗಾಗಿ ೨೦೧೪ರಲ್ಲಿಯೇ ಒಂದು ಚಿಕಿತ್ಸಾಲಯವನ್ನು ತೆರೆಯಿತು. ಆದದರಿಂದ ಯಾವ ಆಟವನ್ನು ಬಿಡಬಹುದೆಂದು ನಿರ್ಣಯಿಸಲು ಹೆತ್ತವರು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ಆಟಕ್ಕೆ ಅಂತ್ಯವುಂಟೋ, ಇಲ್ಲವೇ ಮುಗಿಯದಂತೆ ನಾಳೆಯೂ ಬಾ ಎಂದು ಕರೆಯುತ್ತಲೇ ಇರುವದೋ? ನಡುವೆ ಹಣವನ್ನು ಕೇಳುವದೋ? ಅಪರಿಚಿತರು ಮಗಳೊಡನೆ ಮಾತಾಡಲು ಅದರಲ್ಲಿ ಅವಕಾಶವುಂಟೋ? ಪಕ್ಕದಲ್ಲಿ ಕೂತು ಇನ್ನೊಬ್ಬರೂ ಯೋಚಿಸಬಹುದೋ? ನಾವು ವಿವರಿಸಿದ ಜಾತಿಯ ಆಟಗಳು ಕೆಲವು ಗಂಟೆಗಳಲ್ಲಿ ಮುಗಿಯುತ್ತವೆ. ಒಮ್ಮೆ ಬೆಲೆಕೊಟ್ಟರೆ ಪುನಃ ಕೇಳುವದಿಲ್ಲ. ಅಪರಿಚಿತರಿಗೆ ಅಲ್ಲಿ ಬಾಗಿಲಿಲ್ಲ. ಕೊನೆಯದರ ವಿಷಯವಾಗಿ ನಾವೇ ಕಂಡದ್ದನ್ನು ಹೇಳುವೆವು. ಒಂದು ರಜೆಯಲ್ಲಿ ಒಂಭತ್ತನೇ ತರಗತಿಯ ಕೆಲವು ಹುಡುಗಿಯರ ಮುಂದೆ ಇಂಥ ಆಟವನ್ನು ಒಂದೇ ಕಂಪ್ಯೂಟರಿನಲ್ಲಿ ಇಟ್ಟೆವು. ಒಬ್ಬಳ ಕೈಯಲ್ಲಿ ಮೌಸು, ಐವರ ಬಾಯಲ್ಲಿ ಮಾತು. ತರಗತಿಯಲ್ಲಿ ಕೇಳಿದ ಹೊರತು ತುಟಿ ಬಿಚ್ಚದ ಹುಡುಗಿಯೊಬ್ಬಳು, ಮಿಕ್ಕವರು ಸೋತು ಸುಮ್ಮನಾದಾಗ, ಆ ಕೊಳವೆಯ ಬಾಯಿ ಎತ್ತ ತಿರುಗಿದೆ ನೋಡಿರಿ ಎಂದಳು. ಅವಳು ಹೇಳಿದ್ದೇ ಸರಿಯಾಗಿತ್ತು.

ಇನ್ನೊಂದು ಮಾತನ್ನು ಬರೆಯದೆ ಮುಗಿಸಲಾರೆವು. ಹಲವು ಮನೆಗಳಲ್ಲಿ ಸಂಜೆಯ ಹೊತ್ತು ಫೋನು ಅಣ್ಣನ ಕೈಯಲ್ಲಿ, ಪಾತ್ರೆ ತಂಗಿಯ ಕೈಯಲ್ಲಿ ಇರುತ್ತದೆ. ಅಣ್ಣನು ಆಡುವದು ಗುಂಡುಹಾರಿಸುವ ಆಟವಾದರೂ ಯಾರೂ ಕೇಳರು. ತಂಗಿಯು ಒಗಟನ್ನು ಬಿಡಿಸಲು ಕೂತರೆ, ನಿನಗೇಕೆ ಎಂಬ ಮಾತು ಬರುತ್ತದೆ. ಈ ಯಂತ್ರಗಳು ನಮ್ಮ ಹುಡುಗಿಯರ ಮುಂದಿನ ಜೀವನದ ಕಛೇರಿ, ಬ್ಯಾಂಕು, ಆಸ್ಪತ್ರೆಗಳಲ್ಲೆಲ್ಲ ಅವರ ಎದುರಿಗೆ ಇದ್ದೇ ಇರುತ್ತವೆ. ಅವುಗಳಿಗೆ ಅಂಜದೆ, ಇದು ಹೇಗೆ ನಡೆಯುತ್ತದೆ ಎಂದು ಕೇಳುವ ಅಭ್ಯಾಸವು ಎಳೆಯ ಪ್ರಾಯದಲ್ಲಿ ಆಟದಿಂದಲೇ ಬರುತ್ತದೆ. ಅದನ್ನು ಗಂಡುಮಕ್ಕಳಿಗೆ ಕೊಟ್ಟು ಹೆಣ್ಣುಮಕ್ಕಳಿಂದ ತಡೆಹಿಡಿದರೆ, ನಾವು ಪಾಠಶಾಲೆಯಲ್ಲಿ ತೆರೆದ ಬಾಗಿಲನ್ನು ಮನೆಯಲ್ಲಿ ಮುಚ್ಚಿದ ಹಾಗಾಗುವದು.

ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರಾಗಿದ್ದೀರಿ. ಕೆಲವರು ಬೆಂಗಳೂರು, ಮುಂಬಯಿ, ಕೊಲ್ಲಿಯ ದೇಶಗಳಲ್ಲಿ ಕಂಪ್ಯೂಟರಿನ ಉದ್ಯೋಗದಲ್ಲಿಯೂ ಇದ್ದೀರಿ. ಕನ್ನಡ ಕರಾವಳಿಯ ದೋಣಿ, ಕುದ್ರು, ಗದ್ದೆ, ಗೊಂಬೆಗಳನ್ನು ಇಟ್ಟುಕೊಂಡು ಇಂಥ ಒಂದು ಒಗಟಿನ ಊರನ್ನು ಕಟ್ಟಲು ಶಕ್ತರಾದವರು ನಿಮ್ಮೊಳಗೇ ಇರಬಹುದು. ಏಳು ಜನರು, ಮೂರು ವರ್ಷ, ಪೆನ್ಸಿಲು, ಕಾಗದ ಇವಿಷ್ಟರಿಂದ ಚೆಕ್ ದೇಶದವರು ಮಾಡಿದ್ದನ್ನು ಮೇಲೆ ತಿಳಿಸಿದೆವು. ಯಾರಾದರೂ ಆ ಕೆಲಸಕ್ಕೆ ಕೈಹಚ್ಚಿದರೆ ದಯವಿಟ್ಟು ಶಾಲೆಗೆ ಬರೆಯಿರಿ. ಬಿಡಿಸಿ ನೋಡಲು ನಮ್ಮ ಹುಡುಗಿಯರು ಸಿದ್ಧರಾಗಿದ್ದಾರೆ.